ಎದುರಿನಿಂದ ಓಡಿ ಬರುವ ಭಾವ

ನನ್ನ ಗಿಳಿಹಸಿರು ಬಣ್ಣದ ಬೂಟುಗಳನ್ನು ಹೆಂಡತಿ ಗುಲಾಬಿ ಇವತ್ತು ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಲೇಸು ಕಟ್ಟಿ ನೇತುಹಾಕಿದ್ದಾಳೆ. ಜಗಲಿಯಿಂದ ನೋಡಿದರೆ ಎರಡು ಗಿಳಿಗಳು ತಲೆಕೆಳಗಾಗಿ ಜೋತಾಡಿದಂತೆ ಕಾಣುತ್ತದೆ. ಕೋಟೇಶ್ವರದ ಪೇಟೆಯಲ್ಲಿ ಪಂಪ್‌ಸೆಟ್ ಮಾರಿಕೊಂಡಿರುವ, ಐವತ್ತು ದಾಟಿದ, ಮದುವೆಮನೆಯಲ್ಲಿ ಹೋಳಿಗೆಗೆ ಬೇಡ ಎಂದು ಒಮ್ಮೆಯೂ ಹೇಳದ ಮನುಷ್ಯನಿಗೆ ಇಂಥ ಬೂಟು ಯಾಕೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನ್ನ ಅಂಗಡಿಗೆ ಬರುವ ಗಿರಾಕಿಗಳಿಗೂ ಹಾಗೇ ಅನ್ನಿಸಿತ್ತು.

ನಮ್ಮ ಡಾಕ್ಟರು ಮಿತಭಾಷಿ. ರಕ್ತ ಪರೀಕ್ಷೆಯ ಚೀಟಿ ನೋಡಿ, ನನ್ನ ಹೊಟ್ಟೆ ನೋಡಿ, ಮತ್ತೆ ಚೀಟಿ ನೋಡಿ, "ಓಡಿ" ಎಂದರು. ನಾನು ಹೊರಗೆ ಹೋಗಲು ಹೇಳಿದರೇನೋ ಎಂದು ಎದ್ದು ನಿಂತೆ. "ಈಗಲ್ಲ, ದಿನಾ ಬೆಳಿಗ್ಗೆ" ಎಂದರು. ಮಣಿಪಾಲದಲ್ಲಿ ಕೆಲಸದಲ್ಲಿರುವ ಮಗಳಿಗೆ ಈ ಸುದ್ದಿ ಹೋಗಿದ್ದೇ ತಡ, ಬೂಟುಗಳು ಬಂದವು. ಬಣ್ಣದ ವಿಚಾರದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಹಾಗೆಂದು ನಾನೇನು ಓಡದೆ ಬೆಳೆದವನಲ್ಲ. ಚಿಕ್ಕಂದಿನಲ್ಲಿ ನಾವು ಓಡುತ್ತಲೇ ಇದ್ದೆವು. ಗೇರುಹಾಡಿಗೆ, ಅಂದರೆ ಗೇರುಮರಗಳ ಕಾಡಿಗೆ, ನುಗ್ಗಿ ಹಣ್ಣು ಕೊಯ್ದು, ಅಂಗಿಯ ತುಂಬ ಅದರ ಕಲೆ ಮಾಡಿಕೊಂಡು, ಹಿಂದಿನಿಂದ ಹಾಡಿಯ ಯಜಮಾನರ ನಾಯಿ ಬರುವಾಗ ಓಡಿದ್ದೇವೆ. ಆ ಅಂಗಿಯನ್ನು ಅಮ್ಮ ಕಂಡಾಗ ಇನ್ನೂ ಜೋರಾಗಿ ಓಡಿದ್ದೇವೆ. ಬರಿಗಾಲಿಗೆ ಕೆಂಪುಕಲ್ಲಿನ ಹರಳು ಚುಚ್ಚುತ್ತಿತ್ತು. ನಿಂತು ತೆಗೆಯುವಷ್ಟು ಪುರುಸೊತ್ತು ಮಾತ್ರ ಇರುತ್ತಿರಲಿಲ್ಲ. ಒಟ್ಟಿನಲ್ಲಿ ಆಗ ಓಟಕ್ಕೆ ಹಿಂದೆ ಒಂದು ನಾಯಿಯೋ, ಮುಂದೆ ಒಂದು ಹಣ್ಣೋ ಇರುತ್ತಿತ್ತು. ಹಿಂದೆಯೂ ಏನಿಲ್ಲದೆ, ಮುಂದೆಯೂ ಏನಿಲ್ಲದೆ ಓಡುವುದನ್ನು ನಮ್ಮ ಊರು ಇನ್ನೂ ಒಪ್ಪಿಕೊಂಡಿಲ್ಲ.

ಅದು ಮೊದಲ ದಿನವೇ ತಿಳಿಯಿತು. ಬೂಟು, ಅರ್ಧ ಚಡ್ಡಿ ತೊಟ್ಟು ಮನೆಯಿಂದ ರಸ್ತೆಗಿಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಎದುರು ಮನೆಯವರು ಬೇಲಿಯ ಮೇಲಿಂದ ತಲೆ ಹಾಕಿ, "ಹ್ವಾಯ್ ಚಂದ್ರಣ್ಣ, ಎಂತಾಯ್ತ್? ಯಾರಿಗ್ ಹುಶಾರಿಲ್ಲೆ?" ಎಂದರು. ಹಾಲಿನ ಡೈರಿಗೆ ಹೋಗುತ್ತಿದ್ದವನೊಬ್ಬ ಸ್ಕೂಟರು ನಿಲ್ಲಿಸಿ, "ಕೂಕಣಿ, ಎಲ್ಲಿಗ್ ಬಿಡ್ಕ್?" ಎಂದ. ಬೇಡ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವನು ನನ್ನ ಮುಖವನ್ನೇ ನೋಡಿ, ಮನೆಯಲ್ಲಿ ಏನೋ ಜಗಳವಾಗಿದೆ ಎಂದು ತೀರ್ಮಾನಿಸಿ, ಹೆಚ್ಚು ಕೇಳದೆ ಹೋದ.

ಮೂರನೆಯ ದಿನ ಬಸ್ಸಿನವರು ಸಿಕ್ಕಿದರು. ನಾನು ಓಡುತ್ತಿದ್ದೆ, ಹಿಂದಿನಿಂದ ಬಂದ ಬಸ್ಸು ನನ್ನನ್ನು ದಾಟಿ ಮುಂದೆ ಹೋಗಿ ನಿಂತಿತು. ನಮ್ಮ ಕಡೆಯ ಬಸ್ಸುಗಳು ಹಾಗೆ ಯಾರಿಗೂ ನಿಲ್ಲುವವಲ್ಲ. ನಿಂತಿತೆಂದರೆ ಅದೊಂದು ಮರ್ಯಾದೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಬೇಗ ಬನ್ನಿ, ಬೇಗ ಬನ್ನಿ" ಎಂದು ಕೈ ಬೀಸಿದ. ಕಿಟಕಿಯಿಂದ ತಲೆಗಳು ಹೊರಬಂದವು. "ಪಾಪ, ಅಷ್ಟ್ ದೂರದಿಂದ ಓಡ್ಕಂಡ್ ಬತ್ತಿದ್ರ್" ಎಂದು ಒಬ್ಬ ಹೆಂಗಸು ಮರುಗಿದರು. ಇಷ್ಟೆಲ್ಲ ಆದ ಮೇಲೆ ನಾನು ಬಸ್ಸಿಗಲ್ಲ, ಆರೋಗ್ಯಕ್ಕೆ ಓಡುತ್ತಿರುವುದು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಹತ್ತಿದೆ. ಕುಂದಾಪುರ ಬಸ್ ನಿಲ್ದಾಣದಲ್ಲಿ ಅರ್ಧ ಚಡ್ಡಿಯಲ್ಲಿ ಇಳಿದು, ಟಿಕೆಟಿನ ದುಡ್ಡಿಗೂ ಅಲ್ಲಿನ ಪರಿಚಯದವರೊಬ್ಬರ ಮೊರೆಹೋಗಿ ಮನೆಗೆ ಮರಳಿದೆ. ಗುಲಾಬಿ ಬಾಗಿಲಲ್ಲಿ ನಿಂತಿದ್ದವಳು, "ಇಷ್ಟ್ ಹೊತ್ತ್ ಓಡಿದ್ರ್ಯಾ?" ಎಂದು ಬೆರಗಾಗಿ ಕೇಳಿದಳು. ಹೌದು ಎಂದೆ.

ಆಮೇಲೆ ನಾನು ಆಶ್ರಯಿಸಿದ್ದು ದೊಡ್ಡಹಾಡಿಯನ್ನು. ಊರಿನ ಮೂಡಲಿಗೆ, ಕೆಂಪುಕಲ್ಲಿನ ಬಯಲಿನ ಮೇಲೆ ಹರಡಿಕೊಂಡಿರುವ ಕಾಡು ಅದು. ಮೊದಲು ನಾವು ತರಗೆಲೆ ಗುಡಿಸಲಿಕ್ಕೆ, ದನ ಹುಡುಕಲಿಕ್ಕೆ ಹೋಗುತ್ತಿದ್ದ ಜಾಗ. ಕೆಲವು ವರ್ಷಗಳ ಹಿಂದೆ ಅದಕ್ಕೆ ಬೇಲಿ ಹಾಕಿ, ಕಮಾನು ಕಟ್ಟಿ, ಉದ್ಯಾನವನ ಎಂದು ಬರೆದರು. ಒಳಗೆ ಓಡುವವರಿಗೆಂದೇ ಕಾಲುದಾರಿಗಳಿವೆ. ಹಳದಿ ಬಾಣದ ದಾರಿ ಮಕ್ಕಳಿಗೆ, ನೀಲಿ ಬಾಣದ್ದು ನಡೆಯುವವರಿಗೆ, ಕೆಂಪು ಬಾಣದ್ದು ಇಡೀ ಹಾಡಿಯನ್ನು ಸುತ್ತಿ ಗೇಟಿಗೇ ಮರಳುವಂಥದ್ದು. ಊರಿನ ದನಗಳು ಮಾತ್ರ ಯಾವ ಬಾಣವನ್ನೂ ಲೆಕ್ಕಿಸದೆ ಓಡಾಡುತ್ತವೆ. ಗೇಟಿನಲ್ಲಿ ಟಿಕೆಟು ಹರಿಯುವ ಜಲಜಕ್ಕ ನನ್ನ ಬೂಟು ನೋಡಿ, "ಇದ್ ಹಾಕಂಡ್ರೆ ಹಾಡಿಯಗೆ ಕಳ್ದ್ ಹೋಪುದಿಲ್ಲೆ ಬಿಡಿ" ಎಂದು ಸಮಾಧಾನ ಹೇಳಿದರು.

ನಾನು ಕೆಂಪು ಬಾಣ ಹಿಡಿದೆ. ನೇರಳೆ, ಹೆಬ್ಬಲಸು, ಕಾಟುಮಾವು. ಯಾರೂ ಕೇಳುವವರಿಲ್ಲ, ಬಸ್ಸಿಲ್ಲ. ಸುಖವಾಗಿ ಏದುಸಿರು ಬಿಡುತ್ತ ಹಳೆಯ ಬಾವಿಕಟ್ಟೆಯ ತಿರುವಿಗೆ ಬಂದೆ ನೋಡಿ, ಎದುರಿನಿಂದ ತಲೆಗೆ ಕೆಂಪು ಕರವಸ್ತ್ರವನ್ನು ಪಟ್ಟಿಯಂತೆ ಮಡಿಸಿ ಕಟ್ಟಿಕೊಂಡು, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಸೀತಾರಾಮ ಭಾವ ಓಡಿ ಬರುತ್ತಿದ್ದರು.

ಸೀತಾರಾಮ ಭಾವ ಎಂದರೆ ಗುಲಾಬಿಯ ಅಣ್ಣ. ಅವರಿಗೆ ನಾನೂ ಭಾವನೇ. ಮುಂಬೈಯಲ್ಲಿ ಬಹಳ ಕಾಲ ಹೋಟೆಲು ನಡೆಸಿ, ಅದನ್ನು ಮಗನ ಕೈಗೆ ಕೊಟ್ಟು, ಬೀಜಾಡಿಯ ಕಡಲ ಬದಿಯಲ್ಲಿ ಮನೆ ಕಟ್ಟಿಸಿಕೊಂಡು ಬಂದು ಕೂತವರು. ನನಗೂ ಅವರಿಗೂ ಮಾತಿರಲಿಲ್ಲ. ಮಾತು ಬಿಟ್ಟ ಕಾರಣ ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲು ಮಾಡಿದ ದಿನ, ಊಟದ ಪಂಕ್ತಿಯಲ್ಲಿ ಕೂತು, ನನ್ನ ಉದ್ದನೆಯ ಜಗಲಿಯನ್ನೂ ಅದರ ತಗಡಿನ ಮಾಡನ್ನೂ ನೋಡಿ, ಅವರು ಎಲ್ಲರಿಗೂ ಕೇಳುವಂತೆ, "ಅರೆ ಬಾಬಾ, ಭಾವ ಬಸ್‌ಸ್ಟ್ಯಾಂಡ್ ಕಟ್ಸಿದ್ರ್ ಕಾಣಿ" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನು ಪಾಯಸದ ಪಾತ್ರೆ ಹಿಡಿದುಕೊಂಡೇ, "ಬಸ್‌ಸ್ಟ್ಯಾಂಡಿಗಾರೂ ನಾಕ್ ಜನ ಬತ್ರ್, ನಿಮ್ಮನಿಗ್ ಯಾರ್ ಬತ್ರ್?" ಎಂದೆ. ಯಾರೂ ನಗಲಿಲ್ಲ. ಭಾವ ಪಾಯಸ ಮುಟ್ಟದೆ ಎದ್ದು ಹೋದರು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಮರುದಿನದಿಂದ ಬಸ್ಸಿಗೆ ಕಾಯುವ ಜನ ನಿಜವಾಗಿಯೂ ನಮ್ಮ ಜಗಲಿಯಲ್ಲಿ ಬಂದು ಕೂರತೊಡಗಿದರು.

ಅಂದಿನಿಂದ ಅವರು ನಮ್ಮ ಹೊಸಿಲು ತುಳಿಯಲಿಲ್ಲ, ನಾನು ಬೀಜಾಡಿಯ ಕಡೆ ತಲೆಯಿಟ್ಟು ಮಲಗಲಿಲ್ಲ. ನಡುವೆ ಸಿಕ್ಕಿಬಿದ್ದವಳು ಗುಲಾಬಿ. ಹೋದ ವರ್ಷ ಅವಳ ಪಿತ್ತಕೋಶದ ಆಪರೇಷನ್ ಆದಾಗ, ಆಸ್ಪತ್ರೆಗೆ ಅವಳನ್ನು ನೋಡಲು ನಾವಿಬ್ಬರೂ ಪಾಳಿ ಹಾಕಿಕೊಂಡಂತೆ ಬರುತ್ತಿದ್ದೆವು. ಅವರು ಲಿಫ್ಟಿನಲ್ಲಿ ಇಳಿದರೆ ನಾನು ಮೆಟ್ಟಿಲು ಹತ್ತುತ್ತಿದ್ದೆ. ಮಂಚದ ಆಚೆಗೊಂದು ಗಂಜಿಯ ಕ್ಯಾರಿಯರ್, ಈಚೆಗೊಂದು ಗಂಜಿಯ ಕ್ಯಾರಿಯರ್. ಒಂದರಲ್ಲಿ ಉಂಡರೆ ಇನ್ನೊಬ್ಬರಿಗೆ ಬೇಸರ ಎಂದು ಅವಳು ಎರಡರಲ್ಲೂ ಅರ್ಧರ್ಧ ಉಂಡು ಹೊಟ್ಟೆ ಕೆಡಿಸಿಕೊಂಡಳು.

ಅಂಥ ಭಾವ ಈಗ ಎದುರಿನಿಂದ ಓಡಿ ಬರುತ್ತಿದ್ದಾರೆ. ಹಿಂದಕ್ಕೆ ತಿರುಗಿದರೆ ನಾನು ಹೆದರಿದಂತೆ. ಅವರಿಗೂ ಹಾಗೇ ಅನ್ನಿಸಿರಬೇಕು. ನಾನು ಕೈಗಡಿಯಾರ ನೋಡಿಕೊಂಡೆ. ಅವರು ತಲೆ ಮೇಲೆತ್ತಿ, ಜೀವನದಲ್ಲಿ ಮೊದಲ ಬಾರಿ ಮರ ಕಂಡವರಂತೆ ಒಂದು ಕಾಟುಮಾವಿನ ಮರವನ್ನು ನೋಡಿದರು. ದಾಟಿಕೊಂಡೆವು. ಸದ್ಯ ಮುಗಿಯಿತು ಎಂದು ಉಸಿರು ಬಿಟ್ಟು ನಾನು ಹಾಡಿಯ ಆಚೆ ತುದಿಗೆ ಬಂದರೆ, ಅಲ್ಲಿ ಮತ್ತೆ ಅವರೇ ಎದುರು ಬರಬೇಕೇ? ಒಂದೇ ಸುತ್ತಿನ ದಾರಿಯಲ್ಲಿ ಇಬ್ಬರು ಬೆನ್ನು ಹಾಕಿ ಹೊರಟರೆ ಮುಖಾಮುಖಿಯಾಗಲೇಬೇಕು ಎನ್ನುವುದನ್ನು ಶಾಲೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೋ ಏನೋ, ಆ ದಿನ ನಾನು ಗೇರುಹಾಡಿಯಲ್ಲಿದ್ದಿರಬೇಕು. ಎರಡನೆಯ ಸಲಕ್ಕೆ ನೋಡುವ ನೆವಗಳೂ ಮುಗಿದವು. ಇಬ್ಬರೂ ಒಟ್ಟಿಗೆ ಒಂದು ದನವನ್ನು ನೋಡಿದೆವು. ಅದು ನಮ್ಮಿಬ್ಬರನ್ನೂ ನೋಡಿತು.

ಮರುದಿನ ನಾನು ಬೆಳಿಗ್ಗೆ ಬಿಟ್ಟು ಸಂಜೆ ಹೋದೆ. ಅವರೂ ಅದೇ ಯೋಚನೆ ಮಾಡಿ ಸಂಜೆಯೇ ಬಂದಿದ್ದರು. ಇನ್ನೊಂದು ದಿನ ಬಾಣದ ವಿರುದ್ಧ ಓಡಿದರೆ ಅವರ ಬೆನ್ನ ಹಿಂದೆ ಇರಬಹುದು, ಮುಖ ನೋಡುವುದು ತಪ್ಪುತ್ತದೆ ಎಂದು ತಿರುಗಿ ಓಡಿದೆ. ಅಂದೇ ಅವರೂ ತಿರುಗಿ ಓಡಿದ್ದರು. ಗೇಟಿನಲ್ಲಿ ಜಲಜಕ್ಕ ಟಿಕೆಟು ಹರಿಯುತ್ತ, "ಅವ್ರ್ ಈಗ ಬಲಗಡೆ ಹೋಯ್ರ್" ಎಂದು ಕೇಳದೆಯೇ ಮಾಹಿತಿ ಕೊಡತೊಡಗಿದರು. ಅವರಿಗೂ ನನ್ನ ಬಗ್ಗೆ ಹೀಗೇ ಹೇಳುತ್ತಿದ್ದರು ಎಂದು ಆಮೇಲೆ ತಿಳಿಯಿತು. ಓಡುವುದನ್ನೇ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಅವರು ಬಿಡುವವರೆಗೆ ನಾನು ಬಿಡುವುದು ಹೇಗೆ? ಡಾಕ್ಟರು ಮುಂದಿನ ಚೀಟಿ ನೋಡಿ, "ಸಕ್ಕರೆ ಇಳಿದಿದೆ, ಒಳ್ಳೆ ಮನಸ್ಸು ಮಾಡಿದ್ದೀರಿ" ಎಂದರು. ಮನಸ್ಸು ಅಷ್ಟೇನೂ ಒಳ್ಳೆಯದಾಗಿರಲಿಲ್ಲ.

ಆದರೆ ಮನೆಯಲ್ಲೊಂದು ಬದಲಾವಣೆ ಆಯಿತು. ನಾನು ಬೂಟು ಬಿಚ್ಚುವ ಮೊದಲೇ ಗುಲಾಬಿ ನೀರಿನ ಚೊಂಬು ಹಿಡಿದು ಬಂದು, "ಅಣ್ಣನ ಕಂಡ್ರ್ಯಾ?" ಎಂದು ಕೇಳತೊಡಗಿದಳು.

"ಕಂಡೆ."

"ಸಪೂರ ಆಯ್ದ್ನಾ?"

"ಇಲ್ಲೆ. ಹಾಂಗೇ ಇದ್ದ್ರ್."

"ಕೆಮ್ಮ್ ಇತ್ತಾ?"

ನಾನು ಮಾತಾಡಿಸದ ಮನುಷ್ಯನ ಕೆಮ್ಮಿನ ಬಗ್ಗೆ ನಾನು ಹೇಗೆ ಹೇಳಲಿ? ಆದರೆ ಮರುದಿನ ದಾಟುವಾಗ ಕಿವಿ ಕೊಟ್ಟೆ. ಕೆಮ್ಮು ಇತ್ತು. ಬಂದು ಹೇಳಿದೆ. ಅವಳು ಕಷಾಯದ ಪುಡಿ ಮಾಡಿ ಯಾರದೋ ಕೈಯಲ್ಲಿ ಬೀಜಾಡಿಗೆ ಕಳಿಸಿದಳು. ಹೀಗೆ ನಾನು ದಿನಾ ಭಾವನನ್ನು ಎರಡೆರಡು ಸಲ ಗಮನವಿಟ್ಟು ನೋಡಿ ವರದಿ ಒಪ್ಪಿಸುವವನಾದೆ. ಎಡಗಾಲು ಸ್ವಲ್ಪ ಎಳೆಯುತ್ತಾರೆ. ಗಡ್ಡ ಬೋಳಿಸಿಲ್ಲ. ಇವತ್ತು ಖುಷಿಯಲ್ಲಿದ್ದಂತಿತ್ತು. ಅವರೂ ತಂಗಿಗೆ ಫೋನು ಮಾಡಿ, "ನಿನ್ ಗಂಡ ಕೋಳಿ ಓಡ್ದಂಗ್ ಓಡ್ತ. ಆದ್ರೂ ಮೊದ್ಲಿಗಿಂತ ಅಡ್ಡಿಲ್ಲೆ" ಎಂದು ವರದಿ ಕೊಡುತ್ತಿದ್ದರಂತೆ. ಈ ಎರಡನ್ನೂ ಕೇಳಿಕೊಂಡು ಗುಲಾಬಿ ತೆಂಗಿನಕಾಯಿ ತುರಿಯುತ್ತಿದ್ದಳು.

ಮಳೆ ಹಿಡಿದ ಮೇಲೆ ಹಾಡಿಗೆ ಬರುವವರು ಕಡಿಮೆಯಾದರು. ನಾವಿಬ್ಬರು ಮಾತ್ರ ತಪ್ಪಿಸಲಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಜಲಜಕ್ಕ, "ಅವ್ರ್ ಹೋಯಿ ಸುಮಾರ್ ಹೊತ್ತಾಯ್ತ್" ಎಂದರು. ನಾನು ಹೊರಟೆ. ಬಾವಿಕಟ್ಟೆಯ ತಿರುವು ಬಂತು, ಭಾವ ಬರಲಿಲ್ಲ. ನನಗೇನು ಎಂದುಕೊಂಡೆ. ನೇರಳೆ ಮರಗಳ ಸಾಲು ಬಂತು, ಆಗಲೂ ಬರಲಿಲ್ಲ. ಸುಸ್ತಾಗಿ ಕೂತಿರಬಹುದು ಎಂದುಕೊಂಡೆ. ಆಮೇಲೆ ಆ ಎಡಗಾಲು ನೆನಪಾಯಿತು. ಮನೆಗೆ ಹೋದರೆ ಗುಲಾಬಿ ಚೊಂಬು ಹಿಡಿದು ಕೇಳುತ್ತಾಳೆ, ಕಾಣಲಿಲ್ಲ ಎಂದು ಹೇಳಬೇಕು, ಅವಳ ಮುಖ ನೋಡಬೇಕು. ನನಗೇ ಗೊತ್ತಿಲ್ಲದೆ ನನ್ನ ಕಾಲು ಜೋರಾಯಿತು. ಎಷ್ಟು ಜೋರಾಗಿ ಎಂದರೆ, ನಾಯಿ ಅಟ್ಟಿಸಿಕೊಂಡು ಬಂದಾಗಲೂ ನಾನು ಹಾಗೆ ಓಡಿರಲಿಲ್ಲ.

ಹಾಡಿಯ ಆಚೆ ತುದಿಯಲ್ಲಿ ದಾರಿಯಿಂದ ಸ್ವಲ್ಪ ಒಳಗೆ ಹಳೆಯ ಕಲ್ಲುಕೋರೆಯ ಹೊಂಡಗಳಿವೆ. ಹಿಂದೆ ಮನೆ ಕಟ್ಟಲು ಕೆಂಪುಕಲ್ಲು ಕಡಿದು ತೆಗೆದಾಗ ಉಳಿದವು. ಗೋಡೆಯಂತೆ ನೆಟ್ಟಗಿನ ಬದಿಗಳು, ಮಳೆಗಾಲದಲ್ಲಿ ನೀರು ತುಂಬುತ್ತದೆ. ಆ ಕಡೆಯಿಂದ ಒಂದು ಕೆಮ್ಮು ಕೇಳಿತು. ನನಗೆ ಚೆನ್ನಾಗಿ ಪರಿಚಯವಿದ್ದ ಕೆಮ್ಮು.

"ಯಾರ್ ಅಲ್ಲಿ?" ಎಂದೆ.

ಹೊಂಡದೊಳಗಿಂದ, "ಯಾರೂ ಇಲ್ಲೆ" ಎಂಬ ಉತ್ತರ ಬಂತು.

ಅಷ್ಟು ವರ್ಷಗಳ ಮೇಲೆ ಭಾವ ನನ್ನೊಡನೆ ಆಡಿದ ಮೊದಲ ಮಾತು ಅದು.

ಇಣುಕಿ ನೋಡಿದೆ. ಸೊಂಟದವರೆಗಿನ ನೀರಿನಲ್ಲಿ, ತಲೆಯ ಪಟ್ಟಿಯನ್ನು ಬಿಚ್ಚಿ ಗಂಟು ಕಟ್ಟಿ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಪೆಟ್ಟಾಯ್ತಾ?"

"ಇಲ್ಲೆ."

"ಕೂಗುಕಾತಿಲ್ಯಾ?"

"ಕೂಗಿರೆ ಬಪ್ಪುದ್ ಯಾರ್? ನೀವೇ ಅಲ್ದಾ?" ಎಂದರು ಗೋಡೆಗೆ.

ಮಂಡಿಯೂರಿ ಕೈ ಕೊಟ್ಟೆ. ಅವರು ಬಹಳ ಯೋಚನೆ ಮಾಡಿ ಹಿಡಿದರು. ಅವರ ತೂಕವೂ ನನ್ನ ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ನನ್ನ ಮಂಡಿಯ ಕೆಳಗೆ ಪಾಚಿಯಿತ್ತು, ಅವರ ಕಾಲ ಕೆಳಗೆ ನೆಲವಿತ್ತು. ಅವರು ಮೇಲೆ ಬರುವ ಬದಲು ನಾನು ಕೆಳಗೆ ಹೋದೆ. ಮುಳುಗಿ ಎದ್ದು ಮುಖ ಒರೆಸಿಕೊಂಡು ನೋಡಿದರೆ, ಭಾವ ಆ ಗಂಟನ್ನು ಇನ್ನೂ ಮೇಲೆಯೇ ಹಿಡಿದಿದ್ದರು.

"ಎಂತ ಅದ್?" ಎಂದೆ.

"ಕಲ್ಲಣಬೆ" ಎಂದರು. "ಮರದ ಬುಡದಗೆ ಕಾಣ್ತ್. ಗುಲಾಬಿಗ್ ಇಷ್ಟ ಅಲ್ದಾ. ಹೆಕ್ಕುಕೆ ಬಂದೆ, ಕಾಲ್ ಜಾರ್ತ್."

ಮಳೆಗಾಲದ ಮೊದಮೊದಲಿಗೆ ಮಣ್ಣಿನಡಿ ಮೂಡುವ, ಗೋಲಿಯಷ್ಟು ದಪ್ಪದ ಅಣಬೆಗಳು. ಗುಲಾಬಿಗೆ ಅವು ಪ್ರಾಣ. ಮದುವೆಯಾಗಿ ಇಷ್ಟು ಕಾಲವಾದರೂ ನಾನು ಅವಳಿಗೆ ಒಮ್ಮೆಯೂ ಹೆಕ್ಕಿ ತಂದುಕೊಟ್ಟವನಲ್ಲ. ಒಂದು ಕಪ್ಪೆ ನಮ್ಮಿಬ್ಬರ ನಡುವೆ ಈಜಿಕೊಂಡು ಹೋಯಿತು.

"ಬಸ್‌ಸ್ಟ್ಯಾಂಡ್ ಅಂದದ್ದ್ ತಮಾಷಿಗೆ" ಎಂದರು ಭಾವ, ಕಪ್ಪೆಯನ್ನು ನೋಡುತ್ತ.

"ಎಲ್ಲರ್ ಎದ್ರಿಗ್ ಅಂದ್ರಿ."

"ಹೌದ್. ಮತ್ತೆ ನೀವ್? ನಿಮ್ಮನಿಗ್ ಯಾರ್ ಬತ್ರ್ ಅಂದ್ರಿ."

"ಸಿಟ್ಟಿಗ್ ಅಂದೆ."

"ಸಿಟ್ಟಿಗಾರೂ ಅನ್ನಿ, ನೀವ್ ಅಂದದ್ದ್ ಹೌದ್ ಮಾರಾಯ್ರೆ" ಎಂದರು. "ಮುಂಬೈಯಗೆ ಹೋಟೆಲಿಗ್ ಬೆಳಿಗ್ಗಿಂದ ರಾತ್ರಿವರಿಗ್ ಜನ. ಇಲ್ಲಿ ಅಷ್ಟ್ ದೊಡ್ಡ ಮನಿ ಕಟ್ಟಿ ಕೂಕಂಡೆ, ಬಪ್ಪುದ್ ಕಡಲ ಗಾಳಿ ಮಾತ್ರ. ಈ ಹಾಡಿಗ್ ಬಂದ್ರೆ ನೀವಾರೂ ಎರಡ್ ಸಲ ಎದ್ರ್ ಸಿಕ್ತ್ರಿ ಅಂದ್ಹೇಳಿ ಬಪ್ಪುದ್ ನಾನ್."

ನಾನು, "ಆ ಗಂಟ್ ಕೊಡಿ ಇಲ್ಲಿ, ಕೈ ನೋಯ್ತ್ ಕಾಂತ್" ಎಂದೆ. ಅವರು ಕೊಟ್ಟರು. ಆಮೇಲೆ ನಾನು ಎತ್ತಿ ಹಿಡಿದುಕೊಂಡು ನಿಂತೆ.

ಯಾರು ಯಾರ ಹೆಗಲ ಮೇಲೆ ಹತ್ತುವುದು ಎಂಬ ಚರ್ಚೆ ನಡೆಯಿತು. ಇಬ್ಬರೂ ಹತ್ತಲು ಸಿದ್ಧರಿದ್ದೆವು, ಹೊರಲು ಯಾರೂ ಇರಲಿಲ್ಲ. ನನ್ನ ಫೋನು ನೀರು ಕುಡಿದು ಸತ್ತಿತ್ತು. ಅವರದ್ದು ತೋಳಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬದುಕಿತ್ತು. ಗುಲಾಬಿಗೆ ಹಚ್ಚಿ, ತಂಗಿಯನ್ನು ಸಲಿಗೆಯಿಂದ ಕರೆದರು.

"ಹೆಣೇ, ನಿನ್ ಗಂಡ ಕೋರೆ ಹೊಂಡಕ್ಕ್ ಬಿದ್ದ."

"ಮೊದ್ಲ್ ಬಿದ್ದದ್ದ್ ನಿನ್ ಅಣ್ಣ" ಎಂದು ನಾನು ಬಗ್ಗಿ ಫೋನಿಗೆ ಹೇಳಿದೆ.

ಆ ಕಡೆಯಿಂದ ಗುಲಾಬಿ ನಿಧಾನವಾಗಿ ಕೇಳಿದಳು: "ಇಬ್ರೂ ಒಂದೇ ಹೊಂಡದಗೆ ಇದ್ರ್ಯಾ?"

"ಹೌದ್."

"ಕೈಕಾಲ್ ಸಮ ಇತ್ತಾ?"

"ಇತ್ತ್."

"ನೀರ್ ಎಲ್ಲಿವರಿಗ್ ಇತ್ತ್?"

"ಸೊಂಟದವರಿಗ್."

"ಹಂಗಾರೆ ಅಲ್ಲೇ ಇರಿ. ಅನ್ನಕ್ಕ್ ಇಟ್ಟಿದ್ದೆ. ಬೆಂದ ಕೂಡ್ಲೆ ಬತ್ತೆ" ಎಂದು ಫೋನು ಇಟ್ಟಳು.

ನಮ್ಮ ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ. ಅದು ಬೇಯಲು ಎಷ್ಟು ಹೊತ್ತು ಬೇಕೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಷ್ಟು ಹೊತ್ತು ನಾವು ಮಾತಾಡಿದೆವು. ಬೇರೆ ಏನು ಮಾಡಲಿಕ್ಕಿತ್ತು? ಅವರ ಸಕ್ಕರೆ, ನನ್ನ ಸಕ್ಕರೆ, ಯಾವ ಮಾತ್ರೆ, ಊಟಕ್ಕೆ ಮೊದಲೋ ಆಮೇಲೋ. ಒಮ್ಮೆ ಮಳೆಯೂ ಬಂದು ಹೋಯಿತು.

ಕೊನೆಗೆ ಗೂಡ್ಸ್ ರಿಕ್ಷಾದಲ್ಲಿ ಗೇಟಿನವರೆಗೆ ಏಣಿ ತರಿಸಿ, ಅಲ್ಲಿಂದ ಅದರ ಒಂದು ತುದಿಯನ್ನು ತಾನೂ ಇನ್ನೊಂದು ತುದಿಯನ್ನು ಜಲಜಕ್ಕನೂ ಹೊತ್ತುಕೊಂಡು ಗುಲಾಬಿ ಬಂದಳು. ಹೊಂಡದ ಅಂಚಿನಲ್ಲಿ ನಿಂತು ನಮ್ಮನ್ನು ನೋಡಿದಳು. ಏಣಿ ಇಳಿಸಲಿಲ್ಲ.

"ಮಾತಾಡಿದ್ರ್ಯಾ?" ಎಂದಳು.

"ಆಡಿದೆವ್" ಎಂದೆವು, ಶಾಲೆಯ ಮಕ್ಕಳಂತೆ ಒಟ್ಟಿಗೆ.

"ಅಣ್ಣ, ಇವತ್ತ್ ಊಟಕ್ ನಮ್ಮನಿಗ್ ಬತ್ಯಾ ಇಲ್ಯಾ?"

ಭಾವ ನನ್ನ ಮುಖ ನೋಡಿದರು. ಕರೆಯಬೇಕಾದವನು ನಾನು ಎಂದು ಆಗ ನನಗೆ ಹೊಳೆಯಿತು. "ಬನ್ನಿ ಭಾವ" ಎಂದೆ. "ಬತ್ತೆ" ಎಂದರು. ಏಣಿ ಇಳಿಯಿತು. ನಗು ತಡೆಯಲಾರದೆ ಜಲಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿ ನಿಂತಿದ್ದರು.

ಮನೆಗೆ ಬಂದು ಮಿಂದು, ಭಾವ ನನ್ನದೊಂದು ಪಂಚೆ ಉಟ್ಟುಕೊಂಡು ಉಣ್ಣಲು ಕೂತರು. ಗುಲಾಬಿ ಕಲ್ಲಣಬೆಗೆ ಕಾಯಿ ಅರೆದು ಹಾಕಿ ಗಸಿ ಮಾಡಿದ್ದಳು. ನಮ್ಮಿಬ್ಬರಿಗೂ ಬಡಿಸಿದಳು. ಅಳುತ್ತಾಳೇನೋ, ನಾವೇ ಏನಾದರೂ ಸಮಾಧಾನ ಹೇಳಬೇಕೇನೋ ಎಂದು ನಾನು ಒಳಗೊಳಗೇ ಸಿದ್ಧವಾಗಿದ್ದೆ. ಅವಳು ಹಾಗೇನೂ ಮಾಡಲಿಲ್ಲ. ಭಾವ ಗಸಿ ಇನ್ನೂ ಸ್ವಲ್ಪ ಬೇಕೆಂದು ಕರೆದಾಗ ಉತ್ತರ ಬರಲಿಲ್ಲವೆಂದು ನಾನೇ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಗುಲಾಬಿ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು, ಬಟ್ಟಲು ತುಂಬ ಅನ್ನ, ಅದರ ಮೇಲೆ ಗಸಿ ಸುರಿದುಕೊಂಡು, ಒಬ್ಬಳೇ ನಿಧಾನಕ್ಕೆ ಉಣ್ಣುತ್ತಿದ್ದಳು. ಅವಳು ಹಾಗೆ ಕಾಲು ಚಾಚಿ ಕೂತು ಉಂಡದ್ದನ್ನು ನಾನು ನೋಡಿದ್ದೇ ಕಡಿಮೆ.

"ಹೊರಗ್ ಬಾ, ಒಟ್ಟಿಗ್ ಉಂಬ" ಎಂದೆ.

"ನೀವ್ ಅವ್ನತ್ರ ಮಾತಾಡಿ" ಎಂದಳು, ತುತ್ತು ಕಲಸುತ್ತ. "ನಂಗೆ ಇವತ್ತ್ ಒಬ್ರ ಸುದ್ದಿ ಇನ್ನೊಬ್ರಿಗ್ ಹೇಳುಕಿಲ್ಲೆ. ನಾನ್ ಆರಾಮಾಗ್ ಉಂತೆ."